ಜಾರುವ ಕೊಳವೆ, ಜಾರಬಾರದ ಸ್ವರ: ಟ್ರಾಂಬೋನಿನಲ್ಲಿ ಸ್ಲರ್ ಮತ್ತು ಗಮಕ

ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ಸಂಗೀತಪ್ರಿಯರ ಒಂದು ಕೂಟದಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ನುಡಿಸಿ ತೋರಿಸಿದ್ದನ್ನು ಇಲ್ಲಿ ಬಾಯಿಮಾತಲ್ಲೇ ಹೇಳಬೇಕು, ಹಾಗಾಗಿ ಕೆಲವು ಕಡೆ ಜಾಸ್ತಿ ಬಿಡಿಸಿ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಟ್ರಾಂಬೋನ್ ಅನ್ನುವ ಈ ಹಿತ್ತಾಳೆಯ ಊದುವ ವಾದ್ಯ ನೋಡಿದ ಕೂಡಲೇ ನಮ್ಮ ಜನ ಹೇಳುವ ಮೊದಲ ಮಾತು, "ಇದರಲ್ಲಿ ಮೀಂಡ್ ಚೆನ್ನಾಗಿ ಬರುತ್ತೆ ಅಲ್ವಾ?" ಮೀಂಡ್ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು. ಕರ್ನಾಟಕ ಸಂಗೀತ ಕಲಿತವರಾದರೆ ಮೀಂಡ್ ಬದಲು ಜಾರು ಅನ್ನುತ್ತಾರೆ, ಅಷ್ಟೇ. ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ಉದ್ದನೆಯ ಸ್ಲೈಡ್, ಅಂದರೆ ಒಳಗೆ ಹೊರಗೆ ಜಾರುವ ಕೊಳವೆ, ಕಣ್ಣೆದುರಿಗೇ ಇದೆ. ಎಳೆದರೆ ಸ್ವರ ಇಳಿಯುತ್ತದೆ, ಒಳಕ್ಕೆ ತಂದರೆ ಏರುತ್ತದೆ. ಹಾರ್ಮೋನಿಯಂ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ನುಣ್ಣಗೆ.

ಆದರೆ ಅದು ಅರ್ಧ ಸತ್ಯ. ಈ ವಾದ್ಯದಲ್ಲಿ ಜಾರುವುದು ಪುಕ್ಕಟೆ. ಅದಕ್ಕೆ ಪಾಠ ಬೇಕಿಲ್ಲ. ಮಕ್ಕಳ ಕೈಗೆ ಕೊಟ್ಟರೂ 'ವ್ಹೂಂ' ಅಂತ ಜಾರಿಸಿ ನಗುತ್ತಾರೆ. ಕಷ್ಟ ಇರುವುದು ಜಾರದೇ ಇರುವುದರಲ್ಲಿ. ಎರಡು ಸ್ವರಗಳ ನಡುವೆ ಉಸಿರು ಕಡಿಯಬಾರದು, ದನಿ ನಿಲ್ಲಬಾರದು, ಹಾಗಂತ ನಡುವೆ ಆ 'ವ್ಹೂಂ' ಕೂಡ ಕೇಳಿಸಬಾರದು. ಪಾಶ್ಚಾತ್ಯ ಸಂಗೀತದವರು ಇದನ್ನೇ ಸ್ಲರ್ ಅನ್ನುತ್ತಾರೆ. ಪಿಟೀಲಿನವರಿಗೆ ಒಂದೇ ಕಮಾನಿನಲ್ಲಿ ಎರಡು ಬೆರಳು ಇಟ್ಟರೆ ಆಯಿತು. ಕೊಳಲಿನವರಿಗೆ ಒಂದು ಬೆರಳು ಎತ್ತಿದರೆ ಆಯಿತು. ಟ್ರಾಂಬೋನಿನವನಿಗೆ ಮಾತ್ರ ಇದು ವರ್ಷಗಟ್ಟಲೆ ಕೆಲಸ.

ನಮ್ಮವರೇ ಆದ ಕದ್ರಿ ಗೋಪಾಲನಾಥರನ್ನು ನೆನೆಸಿಕೊಳ್ಳಿ. ಸ್ಯಾಕ್ಸೋಫೋನ್ ತುಂಬ ಕೀಲಿಗಳೇ. ಅದರಲ್ಲಿ ಗಮಕ ಸುಲಭವಾಗಿ ಬರುವುದಿಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮೆಚ್ಚಿದ ಆ ವಾದ್ಯವನ್ನು ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು, ವಾದ್ಯದಲ್ಲೇ ಮಾರ್ಪಾಡು ಮಾಡಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದವರೆಗೂ ಅದನ್ನು ಒಯ್ದರು. ಅವರಿಗೆ ಇಲ್ಲದ ಜಾರನ್ನು ತರಬೇಕಿತ್ತು. ಟ್ರಾಂಬೋನಿನ ಕಷ್ಟ ಪೂರ್ತಿ ಉಲ್ಟಾ. ಇರುವ ಜಾರನ್ನು ಬಚ್ಚಿಡಬೇಕು.

ಯಾಕೆ ಹೀಗೆ ಅಂತ ತಿಳಿಯಲು ವಾದ್ಯದ ಒಳಗೆ ಸ್ವಲ್ಪ ಇಣುಕೋಣ.

ಸಾಮಾನ್ಯವಾಗಿ ಎಲ್ಲರೂ ನುಡಿಸುವ ಟೆನರ್ ಟ್ರಾಂಬೋನಿನ ಕೊಳವೆ ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು 2.7 ಮೀಟರ್. ಸ್ಲೈಡ್ ಪೂರ್ತಿ ಒಳಗಿದ್ದರೆ ಅದು ಒಂದನೇ ಪೊಸಿಷನ್. ಒಂದೊಂದು ಪೊಸಿಷನ್ ಹೊರಗೆ ಹೋದ ಹಾಗೆ ಸ್ವರ ಅರ್ಧರ್ಧ ಇಳಿಯುತ್ತದೆ. ಒಟ್ಟು ಏಳು ಪೊಸಿಷನ್. ಒಂದರಿಂದ ಎರಡಕ್ಕೆ ಸುಮಾರು 8 ಸೆಂಟಿಮೀಟರ್. ಆರರಿಂದ ಏಳಕ್ಕೆ ಹತ್ತಿರ ಹತ್ತಿರ 11. ಕೊಳವೆ ಉದ್ದ ಆದಷ್ಟೂ ಅರ್ಧ ಸ್ವರ ಇಳಿಸೋಕೆ ಜಾಸ್ತಿ ಉದ್ದ ಬೇಕು, ಅದಕ್ಕೇ ಈ ವ್ಯತ್ಯಾಸ. ಸ್ಲೈಡಿನ ಮೇಲೆ ಗೆರೆ ಗುರುತು ಏನೂ ಇರುವುದಿಲ್ಲ. ಕಿವಿಯೇ ಗತಿ.

ಏಳು ಪೊಸಿಷನ್ ಅಂದರೆ ಏಳೇ ಸ್ವರ ಅಲ್ಲ. ಸ್ಲೈಡ್ ಅಲ್ಲಾಡಿಸದೆ ತುಟಿ ಬಿಗಿ ಮಾಡಿದರೆ ಸ್ವರ ಮೇಲಕ್ಕೆ ನೆಗೆಯುತ್ತದೆ. ಇನ್ನೂ ಬಿಗಿ ಮಾಡಿದರೆ ಇನ್ನೂ ಮೇಲೆ. ಇದನ್ನು ನಾನು ಮಹಡಿಗಳ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಕಟ್ಟಡ ಅಂದುಕೊಳ್ಳಿ. ಕೆಳಗಿನ ಮಹಡಿಗಳ ನಡುವೆ ಎತ್ತರ ಜಾಸ್ತಿ, ಮೇಲೆ ಹೋದಂತೆ ಗಿಡ್ಡ. ಯಾವ ಮಹಡಿ ಅನ್ನುವುದನ್ನು ತುಟಿ ನಿರ್ಧರಿಸುತ್ತದೆ. ಆ ಮಹಡಿಯಿಂದ ಎಷ್ಟು ಕೆಳಗೆ ಅನ್ನುವುದನ್ನು ಸ್ಲೈಡ್ ನಿರ್ಧರಿಸುತ್ತದೆ.

ಬಿ ಫ್ಲಾಟನ್ನು ಷಡ್ಜ ಇಟ್ಟುಕೊಂಡರೆ ಈ ವಾದ್ಯದ ಲೆಕ್ಕ ಬಹಳ ಸುಲಭ. ಒಂದನೇ ಪೊಸಿಷನ್‌ನಲ್ಲಿ ಎರಡನೇ ಮಹಡಿ ಮಂದ್ರ ಸ. ಮೂರನೆಯದು ಮಂದ್ರ ಪ. ನಾಲ್ಕನೆಯದು ಮಧ್ಯ ಸ. ಐದು ಅಂದರೆ ಗ. ಆರು ಅಂದರೆ ಪ. ಏಳನೆಯದು ಕೋಮಲ ನಿ, ಆದರೆ ಸ್ವಲ್ಪ ಇಳಿದ, ಹುಳಿ ಹುಳಿ ನಿ. ಎಂಟು ತಾರ ಸ. ಒಂಬತ್ತು ತಾರ ರಿ. ತಂಬೂರಿ ಚೆನ್ನಾಗಿ ಶ್ರುತಿ ಮಾಡಿದಾಗ ಮೀಟದೇ ಇರುವ ಗಾಂಧಾರ ಕೇಳಿಸುತ್ತದಲ್ಲ, ಅದು ಬರುವುದೂ ಇದೇ ಸಾಲಿನಿಂದ.

ಈಗ ಸ್ಲರ್‌ಗೆ ಬರೋಣ. ಸ ದಿಂದ ರಿ ಗೆ ಹೋಗಬೇಕು. ಸ ಇರುವುದು ನಾಲ್ಕನೇ ಮಹಡಿ, ಒಂದನೇ ಪೊಸಿಷನ್. ರಿ ಇರುವುದು ಐದನೇ ಮಹಡಿ, ಮೂರನೇ ಪೊಸಿಷನ್. ಸ್ವರ ಏರುತ್ತಿದೆ, ಸ್ಲೈಡ್ ಮಾತ್ರ ಹೊರಗೆ, ಅಂದರೆ ಇಳಿಯುವ ದಿಕ್ಕಿಗೆ ಹೋಗುತ್ತಿದೆ. ನಡುವೆ ಎಲ್ಲೋ ತುಟಿ ಮಹಡಿ ದಾಟುತ್ತದೆ. ಆ ದಾಟುವ ಕ್ಷಣದಲ್ಲಿ ಜಾರು ತಾನಾಗಿ ಮುರಿದು ಹೋಗುತ್ತದೆ. ಕೇಳುವವರಿಗೆ ಎರಡು ಸ್ವಚ್ಛ ಸ್ವರ. ನಾಲಿಗೆ ಅಲ್ಲಾಡಿಸುವುದೇ ಬೇಡ. ಇದನ್ನು ನ್ಯಾಚುರಲ್ ಸ್ಲರ್ ಅನ್ನುತ್ತಾರೆ.

ಈಗ ರಿ ಇಂದ ಗ. ಎರಡೂ ಐದನೇ ಮಹಡಿ. ಸ್ಲೈಡ್ ಮೂರರಿಂದ ಒಂದಕ್ಕೆ ಬರುತ್ತದೆ. ಉಸಿರು ಸುಮ್ನೆ ಬಿಟ್ಟುಕೊಂಡು ಸ್ಲೈಡ್ ತಂದರೆ 'ರಿ-ವ್ಹೀ-ಗ' ಅಂತ ಗೀಚುತ್ತದೆ. ಸ್ಲೈಡನ್ನು ಎಷ್ಟೇ ಬೇಗ ಎಳೆದರೂ ಸ್ವಲ್ಪ ಗೀಚಿಯೇ ಗೀಚುತ್ತದೆ. ಇಲ್ಲಿ ನಾಲಿಗೆ ಬೇಕು. ಮೆತ್ತಗೆ, ಒಂದೇ ಒಂದು ಸಲ, ಸರಿಯಾಗಿ ಸ್ಲೈಡ್ ಓಡುವ ಹೊತ್ತಿಗೆ. ನಾಲಿಗೆ ತಟ್ಟುವ ಆ ಚಿಕ್ಕ ತಡೆಯಲ್ಲಿ ಗೀಚು ಮುಚ್ಚಿ ಹೋಗುತ್ತದೆ. ಅಂದರೆ ನೋಡಿ, ಉಳಿದ ಊದುವ ವಾದ್ಯಗಳಲ್ಲಿ ಸ್ಲರ್ ಅಂದರೆ ನಾಲಿಗೆ ಹಾಕದೆ ನುಡಿಸುವುದು. ಟ್ರಾಂಬೋನಿನಲ್ಲಿ ಅರ್ಧಕ್ಕರ್ಧ ಸ್ಲರ್ ಆಗುವುದೇ ನಾಲಿಗೆಯಿಂದ.

ಸಭೆಯಲ್ಲಿ ಒಬ್ಬರು ಅಲ್ಲೇ ತಡೆದು ಕೇಳಿದರು, "ಗ ವನ್ನು ಬೇರೆ ಪೊಸಿಷನ್‌ನಲ್ಲಿ ತೆಗೆದುಕೊಂಡರೆ?" ಒಳ್ಳೆ ಪ್ರಶ್ನೆ. ತೆಗೆದುಕೊಳ್ಳಬಹುದು. ಆರನೇ ಮಹಡಿಯ ನಾಲ್ಕನೇ ಪೊಸಿಷನ್‌ನಲ್ಲೂ ಅದೇ ಗ ಇದೆ. ಆಗ ರಿ ಇಂದ ಗ ಗೆ ಮಹಡಿ ದಾಟುತ್ತೀರಿ, ನಾಲಿಗೆ ಬೇಡ. ಆದರೆ ಮುಂದೆ ಮ ಬರುತ್ತದಲ್ಲ, ಅದು ಆರನೇ ಮಹಡಿಯ ಮೂರನೇ ಪೊಸಿಷನ್. ಗ ದಿಂದ ಮ ಈಗ ಒಂದೇ ಮಹಡಿ ಆಯಿತು, ಗೀಚು ಅಲ್ಲಿಗೆ ಸ್ಥಳ ಬದಲಿಸಿತು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕೊಡಲೇಬೇಕು. ಯಾವ ಸ್ವರದ ಮೇಲೆ ಹಾಡಿನ ಭಾರ ಇದೆ, ಎಲ್ಲಿ ಸಾಹಿತ್ಯದ ಅಕ್ಷರ ಬೀಳುತ್ತದೆ ಅಂತ ನೋಡಿ, ನಾಲಿಗೆಯನ್ನು ಅಲ್ಲಿಗೆ ಇಡುವುದು ಜಾಣತನ. ಪುಸ್ತಕ ನೋಡಿ ಪೊಸಿಷನ್ ಬಾಯಿಪಾಠ ಮಾಡಿದವರಿಗೂ, ರಾಗ ನೋಡಿ ಪೊಸಿಷನ್ ಆರಿಸುವವರಿಗೂ ಇಲ್ಲೇ ಗೊತ್ತಾಗುವುದು ವ್ಯತ್ಯಾಸ.

ನಾಲಿಗೆಯ ಬಗ್ಗೆ ಇನ್ನೆರಡು ಮಾತು. ಸ್ಲರ್‌ಗೆ 'ದ', 'ಲ', 'ರ' ಅನ್ನುವ ಹಾಗೆ ನಾಲಿಗೆ ತಟ್ಟಿ ಅಂತ ಗುರುಗಳು ಹೇಳುತ್ತಾರೆ. ನಾವು ಕನ್ನಡದವರಿಗೆ ಇದರಲ್ಲಿ ಒಂದು ಅನುಕೂಲ ಇದೆ ಅಂತ ನನ್ನ ಅನಿಸಿಕೆ. ನಮ್ಮ ನಾಲಿಗೆಗೆ ದ ಬೇರೆ, ಡ ಬೇರೆ ಅಂತ ಚಿಕ್ಕಂದಿನಿಂದ ಗೊತ್ತು. ಡ ಅಂದರೆ ನಾಲಿಗೆ ಹಿಂದಕ್ಕೆ ಮಡಚುತ್ತದೆ, ಸ್ವರದ ಶುರು ದಪ್ಪ ಆಗುತ್ತದೆ. ದ ಅಂದರೆ ಹಲ್ಲಿನ ಹಿಂದೆ ಮೆತ್ತಗೆ. ವೇಗ ಬಂದಾಗ ನಾನು 'ರ' ಗೆ ಹೋಗುತ್ತೇನೆ. 'ಅರೆ', 'ಮರ' ಅನ್ನುವಾಗ ರ ಒಂದೇ ಸಲ ತಟ್ಟುತ್ತದೆ, ಉಸಿರಿನ ದಾರಿ ಮುಚ್ಚುವುದೇ ಇಲ್ಲ ಅನ್ನಬಹುದು. ನಾಲ್ಕನೇ ಪೊಸಿಷನ್ನಿಗೆ ಓಡುವ ಹೊತ್ತಿಗೆ ಅಷ್ಟೇ ಸಾಕು. ಮನೆಯಲ್ಲಿ ವಾದ್ಯ ಇಲ್ಲದೆ ಬರೀ ಬಾಯಲ್ಲಿ 'ದಾ-ರಾ-ದಾ-ರಾ' ಅಂತ ಉಸಿರು ಬಿಟ್ಟು ನೋಡಿ. ಅಂಗೈ ಮುಂದೆ ಹಿಡಿಯಿರಿ. ಗಾಳಿ ಒಂದೇ ಸಮನೆ ಬೀಳಬೇಕು, ತುಂಡು ತುಂಡಾಗಿ ಅಲ್ಲ.

ಬರೆದ ಸಂಗೀತದಲ್ಲಿ ಈ ವಿಷಯ ಇನ್ನೂ ಗೊಂದಲ. ಸ್ಟಾಫ್ ನೊಟೇಶನ್ನಿನಲ್ಲಿ ಸ್ವರಗಳ ಮೇಲೆ ಬಾಗಿದ ಗೆರೆ ಎಳೆದರೆ ಅದು ಸ್ಲರ್. ಎರಡು ಸ್ವರಗಳ ನಡುವೆ ಓರೆ ಗೆರೆ ಎಳೆದರೆ ಅದು ಗ್ಲಿಸ್ಸಾಂಡೋ, ಅಂದರೆ ಬೇಕೂಂತ ಜಾರಿಸು ಅಂತ. ಪಿಟೀಲಿನವರೂ ಟ್ರಾಂಬೋನಿನವರೂ ಒಂದೇ ಬಾಗಿದ ಗೆರೆ ನೋಡುತ್ತಾರೆ. ಅವರು ಕಮಾನು ತಿರುಗಿಸದೆ ಇರುತ್ತಾರೆ, ನಾವು ನಾಲಿಗೆ ತಟ್ಟುತ್ತೇವೆ. ಕೇಳುವವರಿಗೆ ಎರಡೂ ಒಂದೇ ಅನಿಸಬೇಕು.

ಈ ಮುಂಬಯಿಯಲ್ಲಿ ನೊಟೇಶನ್ ನೋಡಿ ನುಡಿಸುವುದನ್ನು ಹೊಟ್ಟೆಪಾಡು ಮಾಡಿಕೊಂಡವರು ಹೆಚ್ಚಾಗಿ ಗೋವಾದವರು. ಅಲ್ಲಿನ ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ಸ್ವರ ಓದುವುದನ್ನು ಕಲಿಸುತ್ತಿದ್ದರು. ಅಲ್ಲಿಂದ ಬಂದವರು ಪೊಲೀಸ್ ಬ್ಯಾಂಡು, ಹೋಟೆಲಿನ ಜಾಝ್ ಬ್ಯಾಂಡು, ಆಮೇಲೆ ಮಹಾಲಕ್ಷ್ಮಿ, ತಾಡದೇವ ಕಡೆಯ ಸಿನಿಮಾ ಸ್ಟುಡಿಯೋಗಳನ್ನು ತುಂಬಿದರು. ಸೆಬಾಸ್ಟಿಯನ್ ಡಿಸೋಜಾ, ಆಂಥನಿ ಗೊನ್ಸಾಲ್ವಿಸ್ ಅಂಥ ಅರೇಂಜರುಗಳು ರಾಗದ ಮಟ್ಟುಗಳನ್ನು ಐದು ಗೆರೆಗಳ ಮೇಲೆ ಬರೆದು ಇಡೀ ಆರ್ಕೆಸ್ಟ್ರಾಕ್ಕೆ ಹಂಚಿದರು. ಮೀಂಡ್ ಎಲ್ಲಿ, ಸ್ಲರ್ ಎಲ್ಲಿ ಅಂತ ಬರಹದಲ್ಲಿ ಪೂರ್ತಿ ಹಿಡಿಸುವುದಿಲ್ಲ. ನುಡಿಸುವವನಿಗೆ ಹಾಡು ಗೊತ್ತಿರಬೇಕು. ನನಗೆ ಕಲಿಸಿದವರು ಮಡಗಾಂವ್ ಕಡೆಯವರು. ಹಾಡು ಮೊದಲು, ವಾದ್ಯ ಆಮೇಲೆ ಅನ್ನುವುದು ಅವರ ಪದ್ಧತಿ. ಬಾಯಲ್ಲಿ ಹಾಡಿ ತೋರಿಸದೆ ಮೌತ್‌ಪೀಸ್ ಮುಟ್ಟಲು ಬಿಡುತ್ತಿರಲಿಲ್ಲ.

ಇದು ಬರೀ ಅವರ ಹಟ ಅಲ್ಲ. ಜಗತ್ತಿನಲ್ಲಿ ಟ್ರಾಂಬೋನ್ ಕಲಿಯುವವರು ಸ್ಲರ್‌ಗಾಗಿ ಹೆಚ್ಚಾಗಿ ಅಭ್ಯಾಸ ಮಾಡುವ ಪಾಠಗಳು ಹಾಡುಗಾರರಿಗೆ ಬರೆದವು. 19ನೇ ಶತಮಾನದಲ್ಲಿ ಪ್ಯಾರಿಸಿನಲ್ಲಿ ಹಾಡುಗಾರಿಕೆ ಕಲಿಸುತ್ತಿದ್ದ ಮಾರ್ಕೊ ಬೊರ್ಡೋನಿ ತನ್ನ ಶಿಷ್ಯರಿಗೆ ಸಾಹಿತ್ಯವಿಲ್ಲದ ಅಭ್ಯಾಸಗಳನ್ನು ಬರೆದಿದ್ದ. ಬಾಸ್ಟನ್ ಸಿಂಫನಿಯ ಟ್ರಾಂಬೋನ್ ವಾದಕ ಜೊಹಾನೆಸ್ ರೊಶ್ಯು ಅವನ್ನು 1928ರಲ್ಲಿ ಟ್ರಾಂಬೋನಿಗೆ ಹೊಂದಿಸಿ ಪ್ರಕಟಿಸಿದ. ಇವತ್ತಿಗೂ ಅವೇ ಪಾಠ. ಗಾಯಕಿ ಅಂಗ, ಅಂದರೆ ವಾದ್ಯವನ್ನು ಹಾಡಿದ ಹಾಗೆ ನುಡಿಸುವುದು, ಅಂತ ನಾವು ಏನನ್ನು ಹೇಳುತ್ತೇವೋ ಅದನ್ನು ಅವರು ಬೇರೆ ದಾರಿಯಲ್ಲಿ ತಲುಪಿದ್ದಾರೆ. ಉಲ್ಟಾ ಕೂಡ ಆಗಿದೆ. ಅಮೆರಿಕದ ಟಾಮಿ ಡಾರ್ಸಿ ಟ್ರಾಂಬೋನಿನಲ್ಲಿ ಉದ್ದುದ್ದ ಸಾಲುಗಳನ್ನು ಉಸಿರು ಎಲ್ಲಿ ತೆಗೆದುಕೊಂಡ ಅಂತ ಗೊತ್ತಾಗದ ಹಾಗೆ ನುಡಿಸುತ್ತಿದ್ದ. ಅವನ ಬ್ಯಾಂಡಿನಲ್ಲಿ ಹಾಡುತ್ತಿದ್ದ ಹುಡುಗ ಫ್ರಾಂಕ್ ಸಿನಾಟ್ರಾ ಅದನ್ನು ನೋಡಿ ಹಾಡಿನಲ್ಲಿ ಉಸಿರು ಹಿಡಿಯುವುದನ್ನು ಕಲಿತೆ ಅಂತ ಮುಂದೆ ಹೇಳಿಕೊಂಡ.

ಇನ್ನು ಗಮಕ, ಕುಸುರಿ. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಎರಡೇ ಸ್ವರ ತೆಗೆದುಕೊಳ್ಳಿ, ಪ ಮತ್ತು ಗ.

ಪ ಆರನೇ ಮಹಡಿ, ಒಂದನೇ ಪೊಸಿಷನ್. ಗ ಐದನೇ ಮಹಡಿ, ಅದೂ ಒಂದನೇ ಪೊಸಿಷನ್. ಕೈ ಅಲ್ಲಾಡಿಸದೆ ಬರೀ ತುಟಿಯಿಂದ ಪ ವನ್ನು ಮುಟ್ಟಿ ಗ ಮೇಲೆ ಬಿದ್ದರೆ ಅದು ಕಣ್ ಸ್ವರ. ಚುರುಕಾಗಿ, ಚುಕ್ಕಿ ಇಟ್ಟ ಹಾಗೆ. ಅದೇ ಗ ವನ್ನು ಆರನೇ ಮಹಡಿಯ ನಾಲ್ಕನೇ ಪೊಸಿಷನ್‌ನಲ್ಲಿ ತೆಗೆದುಕೊಳ್ಳಿ. ಈಗ ಪ ದಿಂದ ಗ ಗೆ ಸ್ಲೈಡ್ ಒಂದರಿಂದ ನಾಲ್ಕಕ್ಕೆ ಇಳಿಯುತ್ತದೆ, ನಡುವೆ ಎಲ್ಲೂ ಮುರಿಯುವುದಿಲ್ಲ. ಶುದ್ಧ ಕಲ್ಯಾಣದಲ್ಲಿ ಪ ದಿಂದ ಗ ಗೆ ಬರುವಾಗ ತೀವ್ರ ಮ ವನ್ನು ಸವರಿಕೊಂಡು ಇಳಿಯುತ್ತಾರಲ್ಲ, ಆ ಮೀಂಡ್ ಹಾಗೇ ಕೈಯಲ್ಲಿ ಕೂತಿದೆ. ತೀವ್ರ ಮ ಎರಡನೇ ಪೊಸಿಷನ್. ಅಲ್ಲಿ ಕೈ ಎಷ್ಟು ಹೊತ್ತು ತಡೆಯಬೇಕು ಅನ್ನುವುದು ಪೂರ್ತಿ ನಿಮ್ಮ ಇಷ್ಟ. ಜಾಸ್ತಿ ತಡೆದರೆ ರಾಗ ಯಮನ್ ಕಡೆ ವಾಲುತ್ತದೆ. ಸಭೆಯಲ್ಲಿ ಮೂರು ರೀತಿ ನುಡಿಸಿದೆ. ಎರಡನೇ ಸಲಕ್ಕೇ ಮುಂದಿನ ಸಾಲಿನ ಹಿರಿಯರು ತಲೆ ಆಡಿಸಿ ಬೇಡ ಅಂದರು. ಅವರಿಗೆ ಟ್ರಾಂಬೋನ್ ಗೊತ್ತಿಲ್ಲ, ಶುದ್ಧ ಕಲ್ಯಾಣ ಗೊತ್ತಿತ್ತು.

ಒಂದೇ ಜೋಡಿ ಸ್ವರ. ಕಣ್ ಬೇಕಾದರೆ ಒಂದು ದಾರಿ, ಮೀಂಡ್ ಬೇಕಾದರೆ ಇನ್ನೊಂದು. ಹಾರ್ಮೋನಿಯಮ್ಮಿನಲ್ಲಿ ಎರಡನೆಯದು ಇಲ್ಲವೇ ಇಲ್ಲ. ಸಾರಂಗಿಯಲ್ಲಿ ಎರಡೂ ಒಂದೇ ಬೆರಳಿನ ಕೆಲಸ. ಇಲ್ಲಿ ಮೊದಲನೆಯದು ತುಟಿಯದು, ಎರಡನೆಯದು ಕೈಯದು.

ಯಮನ್‌ನ ಇನ್ನೊಂದು ತುಣುಕು: ಪ ಧ ಪ, ಆಮೇಲೆ ತೀವ್ರ ಮ, ಮತ್ತೆ ಪ. ಪಾಶ್ಚಾತ್ಯರು ಇಂಥದ್ದನ್ನು ಟರ್ನ್ ಅನ್ನುತ್ತಾರೆ, ನಮ್ಮಲ್ಲಿ ಬೇಗ ನುಡಿಸಿದರೆ ಮುರ್ಕಿ. ಪ ಒಂದನೇ ಪೊಸಿಷನ್. ಧ ಏಳನೇ ಮಹಡಿಯಲ್ಲಿ ಎರಡನೇ ಪೊಸಿಷನ್. ಆ ಮಹಡಿ ಸ್ವಲ್ಪ ಇಳಿದಿರುತ್ತದೆ ಅಂತ ಆಗಲೇ ಹೇಳಿದೆ, ಅದಕ್ಕೆ ಸ್ಲೈಡನ್ನು ಒಂದಿಷ್ಟು ಒಳಕ್ಕೆ ತಂದುಕೊಳ್ಳಬೇಕು. ತೀವ್ರ ಮ ಆರನೇ ಮಹಡಿಯಲ್ಲಿ ಎರಡನೇ ಪೊಸಿಷನ್. ಹಾಗಾದರೆ ಕೈಯ ಲೆಕ್ಕ ಒಂದು, ಎರಡು, ಒಂದು, ಎರಡು, ಒಂದು. ಕೈ ಎರಡು ಸಲ ಹೆಚ್ಚುಕಡಿಮೆ ಅದೇ ಚಲನೆ ಮಾಡುತ್ತದೆ. ಮೊದಲ ಸಲ ಸ್ವರ ಮೇಲಕ್ಕೆ ಹೋಯಿತು, ಎರಡನೇ ಸಲ ಕೆಳಕ್ಕೆ. ಯಾವ ಕಡೆ ಅಂತ ಹೇಳಿದ್ದು ತುಟಿ.

ಮೊದಲ ಅರ್ಧದಲ್ಲಿ ಮಹಡಿ ದಾಟುವುದರಿಂದ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಎರಡನೇ ಅರ್ಧ ಒಂದೇ ಮಹಡಿ, ಗೀಚುತ್ತದೆ. ಪಾಶ್ಚಾತ್ಯ ಗುರುಗಳಾದರೆ ಅಲ್ಲಿ ನಾಲಿಗೆ ಹಾಕು ಅನ್ನುತ್ತಾರೆ. ನಾನು ಹಾಕುವುದಿಲ್ಲ. ತೀವ್ರ ಮ ದಿಂದ ಪ ಗೆ ಆ ಚೂರು ಜಾರು ಯಮನ್‌ಗೆ ಚೆಂದ. ಬೇಡದ ಕಡೆ ತಡೆಯಲು ಬಂದರೆ ಬೇಕಾದ ಕಡೆ ಬಿಡಬಹುದು ಅನ್ನುವುದು ಇದಕ್ಕೇ.

ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಬೇಗ ಬೇಗ ಓಡಾಡುವುದು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಲೈಡನ್ನು ಹಿಂದೆ ಮುಂದೆ ಬೇಗ ಬೇಗ ಅಲ್ಲಾಡಿಸಿ ಟ್ರಿಲ್ ಮಾಡಲು ಹೋದರೆ ಆಂಬುಲೆನ್ಸ್ ಬಂತು ಅನ್ನುತ್ತಾರೆ. ಟ್ರಿಲ್ ತುಟಿಯದು. ಅಕ್ಕಪಕ್ಕದ ಮಹಡಿಗಳ ನಡುವೆ ಒಂದು ಪೂರ್ಣ ಸ್ವರದಷ್ಟೇ ಅಂತರ ಇರುವ ಎತ್ತರದಲ್ಲಿ ಮಾತ್ರ ಅದು ಚೆನ್ನಾಗಿ ಬರುತ್ತದೆ. ಎಂಟು ಮತ್ತು ಒಂಬತ್ತನೇ ಮಹಡಿ ಹಾಗಿವೆ. ನಾಲ್ಕನೇ ಪೊಸಿಷನ್‌ನಲ್ಲಿ ಅವು ಧ ಮತ್ತು ನಿ. ಆರನೇ ಪೊಸಿಷನ್‌ನಲ್ಲಿ ಪ ಮತ್ತು ಧ. ಅರ್ಧ ಸ್ವರದ ಟ್ರಿಲ್ ಈ ಎತ್ತರದಲ್ಲಿ ತುಟಿಗೆ ದಕ್ಕುವುದಿಲ್ಲ. ಅಭ್ಯಾಸ ಅಂದರೆ ಎರಡು ಸ್ವರಗಳ ನಡುವೆ ನಿಧಾನವಾಗಿ ಹೋಗಿ ಬಂದು, ವಾರಗಟ್ಟಲೆ ಕಾಲ ಏರಿಸುತ್ತಾ ಹೋಗುವುದು. ದವಡೆ ಕುಣಿಯುತ್ತಿದ್ದರೆ ನಿಲ್ಲಿಸಿ. ಬಾಯೊಳಗೆ 'ಆ-ಈ-ಆ-ಈ' ಅನ್ನುವ ಹಾಗೆ ನಾಲಿಗೆ ಏರಿ ಇಳಿಯಬೇಕು, ಮುಖ ಸುಮ್ನೆ ಇರಬೇಕು.

ಇದೆಲ್ಲ ಹೊಸತು ಅಂದುಕೊಳ್ಳಬೇಡಿ. 1620ರಲ್ಲಿ ಮಿಲಾನಿನ ಫ್ರಾಂಚೆಸ್ಕೊ ರೊನ್ಯೋನಿ ಒಂದು ಹೆಸರಾಂತ ಹಾಡನ್ನು ತೆಗೆದುಕೊಂಡು, ಅದರ ಉದ್ದ ಸ್ವರಗಳನ್ನೆಲ್ಲ ಓಡುವ ತಾನುಗಳಿಂದ ತುಂಬಿ, ದೊಡ್ಡ ವಯೋಲ್ (ಕಮಾನಿನಿಂದ ನುಡಿಸುವ ತಂತಿವಾದ್ಯ) ಅಥವಾ ಟ್ರಾಂಬೋನಿಗೆ ಅಂತ ಬರೆದ. 1769ರಲ್ಲಿ ಆಸ್ಟ್ರಿಯಾದ ಆಲ್ಬ್ರೆಕ್ಟ್‌ಸ್‌ಬರ್ಗರ್ ಆಲ್ಟೊ ಟ್ರಾಂಬೋನಿಗೆ (ಟೆನರಿಗಿಂತ ಚಿಕ್ಕದು) ಬರೆದ ಕನ್ಸರ್ಟೊ ಅನ್ನುವ ದೊಡ್ಡ ಕೃತಿಯಲ್ಲಿ ಟ್ರಿಲ್ಲುಗಳು ಬೇಕಾದಷ್ಟಿವೆ. ಆಗ ಟ್ರಾಂಬೋನ್ ಚರ್ಚಿನಲ್ಲಿ ಹಾಡುಗಾರರ ಪಕ್ಕ ನಿಲ್ಲುವ ವಾದ್ಯ. ಗದ್ದಲದ ವಾದ್ಯ ಅನ್ನುವ ಹೆಸರು ಬಂದಿದ್ದು ಆಮೇಲೆ. ನಮ್ಮ ಮದುವೆ ಬ್ಯಾಂಡುಗಳಲ್ಲಿ ಕೇಳಿದವರಿಗೆ ಆ ಹೆಸರೇ ಸರಿ ಅನಿಸಬಹುದು, ಆದರೆ ಬೀದಿಯಲ್ಲಿ ತಾಶಾ ಡೋಲು, ಪಟಾಕಿ, ಜನರೇಟರ್ ಮೇಲೆ ಕೇಳಿಸಬೇಕಾದರೆ ಯಾರಾದರೂ ಹಾಗೇ ಊದುತ್ತಾರೆ.

ಜಾಝ್‌ನವರು ಮಾತ್ರ ಜಾರನ್ನು ಬಚ್ಚಿಡಲೇ ಇಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಬ್ಯಾಂಡು ಗಾಡಿ ಮೇಲೆ ಹೋಗುವಾಗ ಸ್ಲೈಡಿಗೆ ಜಾಗ ಬೇಕು ಅಂತ ಟ್ರಾಂಬೋನಿನವನನ್ನು ಗಾಡಿಯ ಹಿಂಬದಿಗೆ ಕೂರಿಸುತ್ತಿದ್ದರಂತೆ, ಅದಕ್ಕೇ ಆ ಶೈಲಿಗೆ ಟೇಲ್‌ಗೇಟ್ ಅಂತ ಹೆಸರು. ಕಿಡ್ ಓರಿ ಅದರ ದೊಡ್ಡ ಹೆಸರು. ಆಮೇಲೆ ಬಂದ ಜೆ. ಜೆ. ಜಾನ್ಸನ್ ತದ್ವಿರುದ್ಧ. ಅವನದು ಎಷ್ಟು ಸ್ವಚ್ಛ ಅಂದರೆ ಸ್ಲೈಡೇ ಇಲ್ಲವೇನೋ ಅನಿಸುತ್ತದೆ. ನನಗೆ ಇಬ್ಬರೂ ಬೇಕು.

ಇನ್ನು ಪ್ರಶ್ನೆಗಳು. ಡೊಂಬಿವಲಿಯಲ್ಲಿ ಹಾಡುಗಾರಿಕೆ ಕಲಿಸುವ ಅಕ್ಕ ಒಬ್ಬರು ಎದ್ದು ನಿಂತು ಕೇಳಿದರು, "ಸ ದಿಂದ ಪ ಗೆ ಒಂದೇ ಎಳೆತದಲ್ಲಿ ಮೀಂಡ್ ತೆಗೆದು ತೋರಿಸಿ ಸಾರ್." ಸಭೆಯ ಅತ್ಯಂತ ಒಳ್ಳೆ ಪ್ರಶ್ನೆ ಇದೇ. ಉತ್ತರ, ಆಗುವುದಿಲ್ಲ.

ಲೆಕ್ಕ ಹಾಕಿ. ಏಳು ಪೊಸಿಷನ್ ಅಂದರೆ ನಡುವೆ ಆರು ಹೆಜ್ಜೆ, ಆರು ಅರ್ಧ ಸ್ವರ. ಸ ದಿಂದ ತೀವ್ರ ಮ ಆರು. ಸ ದಿಂದ ಪ ಏಳು. ಒಂದೇ ಒಂದು ಅರ್ಧ ಸ್ವರದಿಂದ ತಪ್ಪಿ ಹೋಗುತ್ತದೆ. ಯಾವ ಶ್ರುತಿ ಇಟ್ಟುಕೊಂಡರೂ ಇದೇ ಕತೆ. ಭಾರತೀಯ ಸಂಗೀತದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂತರವೇ ಈ ಸ್ಲೈಡಿನ ಅಳತೆಗೆ ಸಿಗುವುದಿಲ್ಲ. ಮೀಂಡ್‌ಗೆ ಹೇಳಿ ಮಾಡಿಸಿದ ವಾದ್ಯ ಅನ್ನುವವರಿಗೆ ನಾನು ಮೊದಲು ಇದನ್ನೇ ಹೇಳುವುದು.

ಹಂಗೇರಿಯ ಸಂಗೀತ ರಚನೆಕಾರ ಬೇಲಾ ಬಾರ್ಟೋಕ್‌ಗೆ ಈ ಮಿತಿ ಚೆನ್ನಾಗಿ ಗೊತ್ತಿತ್ತು. 1943ರಲ್ಲಿ ಬರೆದ ಆರ್ಕೆಸ್ಟ್ರಾ ಕನ್ಸರ್ಟೊದಲ್ಲಿ ಬಾಸ್ ಟ್ರಾಂಬೋನಿಗೆ ಒಂದು ಗ್ಲಿಸ್ಸಾಂಡೋ ಕೊಟ್ಟ. ಕೆಳಗಿನ ಬಿ ಇಂದ ಎಫ್‌ವರೆಗೆ, ಸರಿಯಾಗಿ ಆರು ಅರ್ಧ ಸ್ವರ. ಎಫ್ ಶ್ರುತಿಯ ಹಳೆಯ ಬಾಸ್ ಟ್ರಾಂಬೋನಿನಲ್ಲಿ ಅದು ಏಳರಿಂದ ಒಂದಕ್ಕೆ ಪೂರ್ತಿ ಸ್ಲೈಡ್. ಇವತ್ತು ಹೆಚ್ಚಿನವರು ಬಳಸುವುದು ಬಿ ಫ್ಲಾಟ್ ವಾದ್ಯಕ್ಕೆ ವಾಲ್ವ್ ಜೋಡಿಸಿದ್ದು. ವಾಲ್ವ್ ಒತ್ತಿದಾಗ ಕೊಳವೆ ಉದ್ದ ಆಗುತ್ತದೆ, ಸ್ಲೈಡ್ ಮಾತ್ರ ಅಷ್ಟೇ ಇರುತ್ತದೆ. ಆರೇ ಪೊಸಿಷನ್ ಹಿಡಿಸುತ್ತವೆ, ಬಿ ಸಿಗುವುದಿಲ್ಲ. ಅದೊಂದು ಜಾರಿಗಾಗಿ ವಾದಕರು ವಾಲ್ವಿನ ಕೊಳವೆ ಹೊರಗೆಳೆದು ಏನೇನೋ ಸಾಹಸ ಮಾಡುತ್ತಾರೆ.

ಹಾಗಾದರೆ ಸ ದಿಂದ ಪ ಗೆ ಏನು ಮಾಡುವುದು? ಸ ವನ್ನು ಐದನೇ ಮಹಡಿಯ ಐದನೇ ಪೊಸಿಷನ್‌ನಲ್ಲಿ ಹಿಡಿಯುತ್ತೇನೆ. ಅಲ್ಲಿಂದ ಮೂರಕ್ಕೆ, ಅಂದರೆ ರಿ ವರೆಗೆ ಜಾರುತ್ತೇನೆ. ಅಲ್ಲಿ ಆರನೇ ಮಹಡಿಗೆ ದಾಟುತ್ತೇನೆ. ಆ ಮಹಡಿಯಲ್ಲಿ ರಿ ಇರುವುದು ಆರನೇ ಪೊಸಿಷನ್, ಹಾಗಾಗಿ ಸ್ಲೈಡ್ ಪಟ್ಟಂತ ಮೂರರಿಂದ ಆರಕ್ಕೆ ಹಾರಬೇಕು. ಅಲ್ಲಿಂದ ಒಂದಕ್ಕೆ ಎಳೆದರೆ ಪ. ಹಾರುವ ಜಾಗದಲ್ಲಿ ಉಸಿರು ಚೂರು ಸಣ್ಣ ಮಾಡಿ, ನಾಲಿಗೆ 'ರ' ಅಂತ ಸವರಬೇಕು. ದಾ-ರಾ ಅಭ್ಯಾಸ ಉಪಯೋಗಕ್ಕೆ ಬರುವುದು ಇಲ್ಲಿ. ಅಂದರೆ ಉದ್ದನೆಯ ಮೀಂಡ್ ನುಡಿಸಲು ಕೂಡ ಸ್ಲರ್ ಗೊತ್ತಿರಬೇಕು. ನುಡಿಸಿ ತೋರಿಸಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿ, "ರಿ ಹತ್ತಿರ ಒಂದು ಗಂಟು ಇದೆ" ಅಂದರು. ಹೌದು, ಇದೆ. ಹಾಡಿನಲ್ಲಿ ಅಲ್ಲೊಂದು ಅಕ್ಷರ ಬಿದ್ದರೆ ಗಂಟು ಅದರ ಕೆಳಗೆ ಮರೆಯಾಗುತ್ತದೆ. ಆಲಾಪದಲ್ಲಿ ಮರೆ ಮಾಡುವುದು ಕಷ್ಟ.

ತಾರ ಸ ದಿಂದ ಪ ಗೆ ಇಳಿಯುವುದಾದರೆ ಈ ತೊಂದರೆಯೇ ಇಲ್ಲ. ಅದು ಐದೇ ಅರ್ಧ ಸ್ವರ. ಎಂಟನೇ ಮಹಡಿಯಲ್ಲಿ ಒಂದರಿಂದ ಆರಕ್ಕೆ, ಬೆಣ್ಣೆಯ ಹಾಗೆ. ಈ ವಾದ್ಯಕ್ಕೆ ಆಲಾಪ ಕಟ್ಟುವವರು ಉತ್ತರಾಂಗದಲ್ಲಿ (ಪ ದಿಂದ ಮೇಲೆ) ಉದ್ದ ಮೀಂಡ್ ಇಟ್ಟುಕೊಂಡು, ಪೂರ್ವಾಂಗದಲ್ಲಿ (ಅದರ ಕೆಳಗೆ) ಚಿಕ್ಕವು ಇಟ್ಟುಕೊಳ್ಳುವುದು ಒಳ್ಳೆಯದು.

ಆಂದೋಲನದ ಬಗ್ಗೆ ಕೇಳಿದವರಿಗೆ: ಅದು ಈ ವಾದ್ಯದ ಸೊತ್ತು. ದರ್ಬಾರಿ ಕಾನಡಾದ ಗ, ಆ ನಿಧಾನದ ತೂಗಾಟ, ಸ್ಲೈಡಿನಲ್ಲಿ ಎರಡು ಮೂರು ಸೆಂಟಿಮೀಟರಿನ ಆಟ. ಸಂಶಯ ಇದ್ದರೆ ಯಾರಾದರೂ ಬಂದು ಕೇಳಿ, ನುಡಿಸುತ್ತೇನೆ. ಮಣಿಕಟ್ಟು ಸಡಿಲ ಇರಬೇಕು, ತೋಳಿನಿಂದ ಮಾಡಿದರೆ ಒರಟಾಗುತ್ತದೆ.

ಸ್ಲೈಡಿನ ಆರೈಕೆ ಬಗ್ಗೆ ಒಬ್ಬ ಕಾಲೇಜು ಹುಡುಗ ಕೇಳಿದ. ಸ್ಲೈಡ್ ಎಲ್ಲಾದರೂ ಒಂದು ಕಡೆ ತಡೆದರೆ ಮೇಲೆ ಹೇಳಿದ್ದು ಯಾವುದೂ ಆಗುವುದಿಲ್ಲ. ನಾಲಿಗೆ ಸರಿಯಾದ ಹೊತ್ತಿಗೆ ತಟ್ಟುತ್ತದೆ, ಕೈ ತಡವಾಗಿ ಬರುತ್ತದೆ. ಒಳಗಿನ ಕೊಳವೆಗೆ ತೆಳ್ಳಗೆ ಸ್ಲೈಡ್ ಕ್ರೀಮ್ ಹಚ್ಚಿ, ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಹೊಡೆಯಿರಿ. ಕ್ರೀಮ್ ಜಾಸ್ತಿ ಆದರೆ ಅಂಟುತ್ತದೆ. ಮುಂಬಯಿ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಒದ್ದೆ ಬಟ್ಟೆ ಬಿಡಬೇಡಿ, ಬೂಸ್ಟು ಬರುತ್ತದೆ. ಲೋಕಲ್ ರೈಲಿನಲ್ಲಿ ಒಯ್ಯುವುದಾದರೆ ಗಟ್ಟಿ ಪೆಟ್ಟಿಗೆ ಬೇಕೇ ಬೇಕು. ಸ್ಲೈಡಿನ ಮೇಲೆ ಕಣ್ಣಿಗೆ ಕಾಣದಷ್ಟು ನೆಗ್ಗು ಬಿದ್ದರೂ ಕೈಗೆ ಗೊತ್ತಾಗುತ್ತದೆ. ಬ್ಯಾಂಡಿನ ವಾದ್ಯಗಳನ್ನು ಮೀರತ್‌ನ ಜಾಲಿ ಕೋಠಿ ಕಡೆ ತಲೆಮಾರುಗಳಿಂದ ಮಾಡುತ್ತಾರೆ, ಬೆಲೆಯೂ ಕೈಗೆಟಕುತ್ತದೆ. ಆದರೆ ಯಾವ ಊರಿನದ್ದೇ ಆಗಲಿ, ಕೊಳ್ಳುವ ಮೊದಲು ಸ್ಲೈಡನ್ನು ಲಂಬವಾಗಿ ಹಿಡಿದು ನಿಧಾನವಾಗಿ ಬಿಟ್ಟು ನೋಡಿ, ಕೆಳಗೆ ಕೈ ಅಡ್ಡ ಹಿಡಿದುಕೊಂಡು. ನಡುವೆ ನಿಂತರೆ ಬೇಡ ಅನ್ನಿ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು. ಮಗಳಿಗೆ ಒಂಬತ್ತು ವರ್ಷ, ಕೈ ಏಳನೇ ಪೊಸಿಷನ್‌ವರೆಗೆ ಎಟಕುವುದಿಲ್ಲ, ಶುರು ಮಾಡಬಹುದಾ? ಮಾಡಬಹುದಮ್ಮ. ಪೂರ್ತಿ ಸ್ಲೈಡ್ ಅಂದರೆ ಅರ್ಧ ಮೀಟರಿಗಿಂತ ಜಾಸ್ತಿ ಎಳೆತ, ಆ ವಯಸ್ಸಿಗೆ ಅದು ಬೇಡ. ಈಗ ಹಗುರಾದ ಪ್ಲಾಸ್ಟಿಕ್ ಟ್ರಾಂಬೋನುಗಳು ಸಿಗುತ್ತವೆ, ಅದರಲ್ಲಿ ಶುರು ಮಾಡಲಿ. ಮೊದಲ ಕೆಲವು ತಿಂಗಳು ಒಂದರಿಂದ ನಾಲ್ಕನೇ ಪೊಸಿಷನ್ ಸಾಕು. ಮಧ್ಯ ಸ ದಿಂದ ತಾರ ಸ ವರೆಗೆ ಇಡೀ ಬಿಲಾವಲ್, ಅಂದರೆ ಎಲ್ಲ ಶುದ್ಧ ಸ್ವರಗಳ ಸಾಲು, ಅಷ್ಟರಲ್ಲೇ ಇದೆ: ಒಂದು, ಮೂರು, ಒಂದು, ಮೂರು, ಒಂದು, ನಾಲ್ಕು, ಎರಡು, ಒಂದು. ಮೇಲಿನ ಸ್ವರಗಳಿಗೆ ತುಟಿ ಕೂರಲು ಸ್ವಲ್ಪ ಕಾಲ ಬೇಕು, ಅಲ್ಲಿಯವರೆಗೆ ಸ ದಿಂದ ಪ ವರೆಗೆ ನುಡಿಸಲಿ. ದಿನಾ ವಾದ್ಯ ತೆಗೆಯುವ ಮೊದಲು ಅದನ್ನು ಒಮ್ಮೆ ಹಾಡಲಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟು, ದನಿ ತಗ್ಗಿಸುವ ಪ್ರಾಕ್ಟೀಸ್ ಮ್ಯೂಟ್ ಒಂದು ತಂದಿಟ್ಟುಕೊಳ್ಳಿ.